ದಾಖಲೆಯ ಪುನರಾವೃತ್ತಿ ಮತ್ತು ಘಟನೆಯ ಪುನರಾವೃತ್ತಿ: ಕೋಲಾರ ಚಿನ್ನದ ಗಣಿಗಳ ನಿದರ್ಶನದಿಂದ ಒಂದು ವಿಮರ್ಶೆ

1

ಚರಿತ್ರೆಯ ಅಭ್ಯಾಸಿಗಳಲ್ಲಿ ಈಚೆಗೆ ಒಂದು ಹೊಸ ಪದ್ಧತಿ ರೂಢಿಗೆ ಬರುತ್ತಿದೆ. ಹಳೆಯ ದಿನವಹಿಗಳನ್ನೂ ಹಾಜರಿ ಪುಸ್ತಕಗಳನ್ನೂ ಅಪಘಾತಗಳ ವರದಿಗಳನ್ನೂ ಪಂಕ್ತಿ ಪಂಕ್ತಿಯಾಗಿ ಗಣಕಯಂತ್ರಕ್ಕೆ ಊಡಿಸಿ, ಅವುಗಳಲ್ಲಿ ಮತ್ತೆ ಮತ್ತೆ ಬರುವ ಸರಣಿಗಳು ಯಾವುವೆಂಬುದನ್ನು ಚಿಕ್ಕದೊಂದು ಸ್ಕ್ರಿಪ್ಟಿನ ಮೂಲಕ ಹುಡುಕಿ ತೆಗೆಯುವುದೇ ಆ ಪದ್ಧತಿ. ಒಬ್ಬ ವಿದ್ವಾಂಸನು ವರ್ಷಗಟ್ಟಲೆ ಕುಳಿತು ಓದಿದರೂ ಕಣ್ಣಿಗೆ ಬೀಳದ ಹೋಲಿಕೆಗಳನ್ನು ಯಂತ್ರವು ಕೆಲವೇ ಕ್ಷಣಗಳಲ್ಲಿ ಮುಂದಿಡುತ್ತದೆ. ಇದರಿಂದ ನಮ್ಮ ಶಾಸ್ತ್ರಕ್ಕೆ ಪ್ರಯೋಜನವಿಲ್ಲವೆಂದು ಯಾರೂ ಹೇಳಲಾರರು. ಆದರೆ ಯಂತ್ರವು ಕೊಟ್ಟ ಎಣಿಕೆಯನ್ನೇ ನಿರ್ಣಯವೆಂದು ಬರೆಯುವ ಅಭ್ಯಾಸವೂ ಇದರ ಬೆನ್ನಿಗೇ ಬೆಳೆಯುತ್ತಿರುವುದರಿಂದ, ಈ ಪದ್ಧತಿಯ ಬಲಾಬಲಗಳನ್ನು ವಿಮರ್ಶಿಸುವುದು ಅವಶ್ಯವೆಂದು ನಮಗೆ ತೋರಿದೆ.

ಈ ವಿಚಾರಕ್ಕೆ ನಮ್ಮನ್ನು ಹಚ್ಚಿದ್ದು ಒಂದು ಸಣ್ಣ ಪ್ರಸಂಗ. ಬಂಗಾರಪೇಟೆಯ ಕಡೆಯ ವಿದ್ಯಾರ್ಥಿಯೊಬ್ಬನು ಗಣಿಪ್ರದೇಶದ ಹಳೆಯ ವಹಿಯೊಂದನ್ನು ಬಹು ಶ್ರದ್ಧೆಯಿಂದ ನಕಲು ಮಾಡಿಕೊಂಡು, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಸರಣಿಯನ್ನು ಯಂತ್ರದಿಂದ ಹುಡುಕಿಸಿದನು. ಉತ್ತರವೇನೋ ಬಂದಿತು. ಆದರೆ ಅದು ಪ್ರತಿಯೊಂದು ಪುಟದ ತಲೆಯಲ್ಲಿ ಅಚ್ಚಾಗಿದ್ದ ಅಂಕಣಗಳ ಹೆಸರುಗಳ ಸಾಲು! ವಿದ್ಯಾರ್ಥಿಯು ನಾಚಿಕೊಂಡನು, ನಾಚಿಕೊಳ್ಳುವ ಕಾರಣವಿರಲಿಲ್ಲ. ಯಂತ್ರವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಮತ್ತೆ ಮತ್ತೆ ಬಂದುದು ಯಾವುದೆಂದು ಕೇಳಿದೆವು, ಅದನ್ನೇ ಹೇಳಿತು. ಯಾರು ಅದನ್ನು ಮತ್ತೆ ಮತ್ತೆ ತಂದರೆಂಬುದನ್ನು ನಾವು ಕೇಳಿರಲಿಲ್ಲ.

ಈ ಲೇಖನದಲ್ಲಿ ನಾವು ಪ್ರತಿಪಾದಿಸಬಯಸುವುದು ಇಷ್ಟೇ: ದಾಖಲೆಯಲ್ಲಿ ಕಾಣುವ ಪುನರಾವೃತ್ತಿಗೆ ಮೂರು ಮೂಲಗಳುಂಟು. ಬರೆಯುವವನ ಕೈ ಒಂದು, ಕೆಲಸದ ನಿಯಮಿತ ಕ್ರಮ ಇನ್ನೊಂದು, ಘಟನೆಯ ಸ್ವಭಾವ ಮೂರನೆಯದು. ಸ್ಕ್ರಿಪ್ಟು ಇವುಗಳನ್ನು ಬೇರ್ಪಡಿಸಲಾರದು. ಬೇರ್ಪಡಿಸುವ ಹೊಣೆ ಚರಿತ್ರಕಾರನದು. ಈ ಹೊಣೆಯನ್ನು ಮರೆತರೆ ಆಗುವ ನಷ್ಟವು ಕೋಲಾರದ ಗಣಿಗಳಂತಹ ಸ್ಥಳದಲ್ಲಿ ಕೇವಲ ಶಾಸ್ತ್ರದ ನಷ್ಟವಾಗಿ ಉಳಿಯುವುದಿಲ್ಲ.

2

ಮೊದಲು ಪದ್ಧತಿಯ ಸ್ವರೂಪವನ್ನು ತಿಳಿಯೋಣ. ಲಾಗ್ ಎಂಬ ಮಾತು ನೌಕೆಯಿಂದ ಬಂದುದು. ಹಡಗಿನ ವೇಗವನ್ನು ಅಳೆಯಲು ನೀರಿಗೆ ಎಸೆಯುತ್ತಿದ್ದ ಮರದ ತುಂಡಿಗೆ ಆ ಹೆಸರಿತ್ತು. ಅಳತೆಯನ್ನು ಬರೆದಿಡುವ ಪುಸ್ತಕಕ್ಕೂ ಅದೇ ಹೆಸರು ನಿಂತಿತು. ಇಂದು ಗಣಕಯಂತ್ರವು ತನ್ನ ಒಳಗೆ ನಡೆದುದನ್ನು ಕಾಲಕ್ರಮದಲ್ಲಿ ತಾನೇ ಬರೆದಿಡುವ ಕಡತಕ್ಕೂ ಲಾಗ್ ಎನ್ನುತ್ತಾರೆ. ನಮ್ಮಲ್ಲಿಯೂ ಕಡತವೆಂಬುದು ಹೊಸ ಮಾತೇನಲ್ಲ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ವಸ್ತುವೇ ಕಡತ. ಶ್ಯಾನುಭೋಗನ ಕಡತವಾಗಲಿ ಗಣಿಯ ದಿನವಹಿಯಾಗಲಿ ಯಂತ್ರದ ಲಾಗ್ ಆಗಲಿ, ಒಂದು ಲಕ್ಷಣದಲ್ಲಿ ಇವೆಲ್ಲವೂ ಸಮಾನ: ಒಂದರ ಕೆಳಗೆ ಒಂದು, ನಡೆದ ಕ್ರಮದಲ್ಲಿ ನಮೂದುಗಳು ಸೇರುತ್ತ ಹೋಗುತ್ತವೆ.

ಪುನರಾವೃತ್ತ ಸರಣಿಯನ್ನು ಹುಡುಕುವ ಸರಳ ಮಾರ್ಗ ಹೀಗಿದೆ. ಪ್ರತಿ ಪಂಕ್ತಿಯಿಂದ ತಾರೀಖು, ವೇಳೆ ಮುಂತಾದ ಬದಲಾಗುವ ಅಂಶಗಳನ್ನು ತೆಗೆದು ಉಳಿದುದಕ್ಕೆ ಒಂದು ಸಂಕೇತವನ್ನು ಕೊಡಬೇಕು. ಅನಂತರ ಮೂರು ಪಂಕ್ತಿಗಳಷ್ಟು ಅಗಲದ ಕಿಂಡಿಯೊಂದನ್ನು ಕಲ್ಪಿಸಿಕೊಂಡು, ಅದನ್ನು ಒಂದೊಂದೇ ಪಂಕ್ತಿಯಂತೆ ಕೆಳಕ್ಕೆ ಸರಿಸುತ್ತ, ಕಿಂಡಿಯಲ್ಲಿ ಕಂಡ ಪ್ರತಿಯೊಂದು ಸರಣಿಯ ಎದುರಿಗೆ ಎಣಿಕೆ ಹಾಕುತ್ತ ಹೋಗಬೇಕು. ನಾಲ್ಕು ಪಂಕ್ತಿಗಳ ಕಿಂಡಿ, ಐದರ ಕಿಂಡಿ ಎಂದು ಇದನ್ನೇ ಮುಂದುವರಿಸಬಹುದು.

ನಾವೇ ಕಲ್ಪಿಸಿದ ಒಂದು ಪುಟ್ಟ ವಹಿಯನ್ನು ತೆಗೆದುಕೊಳ್ಳೋಣ. ಪಾಳಿ ಇಳಿದುದಕ್ಕೆ ಪ, ಸಿಡಿಮದ್ದು ಹಾರಿಸಿದುದಕ್ಕೆ ಸ, ಕಂಪನ ತಿಳಿದುಬಂದುದಕ್ಕೆ ಕ, ತಪಾಸಣೆ ನಡೆದುದಕ್ಕೆ ತ ಎಂದು ಸಂಕೇತಗಳಿರಲಿ. ಮೂರು ದಿನಗಳ ನಮೂದುಗಳು ಪ-ಸ-ಕ-ತ, ಪ-ಸ-ತ, ಪ-ಸ-ಕ-ತ ಎಂದು ಇವೆಯೆನ್ನೋಣ. ಒಟ್ಟು 11 ನಮೂದುಗಳು. ಮೂರರ ಕಿಂಡಿಯನ್ನು ಸರಿಸಿದರೆ 9 ಸರಣಿಗಳು ದೊರೆಯುತ್ತವೆ. ಅವುಗಳಲ್ಲಿ ಪ-ಸ-ಕ, ಸ-ಕ-ತ, ತ-ಪ-ಸ ಎಂಬ ಮೂರು ಎರಡೆರಡು ಸಲ ಬರುತ್ತವೆ. ಮೂರು ಸಂಶೋಧನೆಗಳಾದುವೆಂದು ಅಭ್ಯಾಸಿಯು ಹಿಗ್ಗಬಹುದು. ಪರಿಶೀಲಿಸಿದರೆ, ಮೊದಲಿನವೆರಡೂ ಪ-ಸ-ಕ-ತ ಎಂಬ ಒಂದೇ ದೊಡ್ಡ ಸರಣಿಯ ಎರಡು ತುಂಡುಗಳು, ಸ್ವತಂತ್ರ ಸಂಗತಿಗಳಲ್ಲ. ಮೂರನೆಯದಾದ ತ-ಪ-ಸ ಎಂಬುದು ಯಾವ ದಿನವೂ ನಡೆದುದೇ ಅಲ್ಲ. ಹಿಂದಿನ ದಿನದ ಕೊನೆಯ ನಮೂದನ್ನು ಮರುದಿನದ ಮೊದಲ ನಮೂದಿಗೆ ಯಂತ್ರವು ಅಂಟಿಸಿದ್ದರಿಂದ ಹುಟ್ಟಿದ ಭ್ರಮೆ ಅದು. ಈ ವಹಿಯಲ್ಲಿ ನಿಜವಾಗಿ ವಿಚಾರಕ್ಕೆ ಯೋಗ್ಯವಾದುದು ಎರಡನೆಯ ದಿನ. ಅಂದು ಸಿಡಿಮದ್ದು ಹಾರಿತು, ಕಂಪನದ ನಮೂದಿಲ್ಲ. ಏಕೆ? ಪುನರಾವೃತ್ತಿಯ ಪಟ್ಟಿಯಲ್ಲಿ ಈ ಪ್ರಶ್ನೆಗೆ ಸ್ಥಳವೇ ಇರುವುದಿಲ್ಲ.

ಈ ದೋಷಗಳನ್ನು ಯಂತ್ರಶಾಸ್ತ್ರಜ್ಞರು ಅರಿಯದವರಲ್ಲ. ಪಠ್ಯವೊಂದರ ಎಲ್ಲ ಬಾಲಭಾಗಗಳನ್ನೂ ಅಕಾರಾದಿಯಾಗಿ ಜೋಡಿಸಿ, ದೊಡ್ಡ ಪುನರಾವೃತ್ತಿಯ ಒಳಗೆ ಅಡಗಿದ ಸಣ್ಣವುಗಳನ್ನು ಬಿಟ್ಟುಬಿಡಲು ನೆರವಾಗುವ ಸಫಿಕ್ಸ್ ಅರೇ ಎಂಬ ರಚನೆಯನ್ನು ಮ್ಯಾನ್ಬರ್ ಮತ್ತು ಮಯರ್ಸ್ ಎಂಬವರು 1990ರಲ್ಲಿ ರೂಪಿಸಿದರು. ಫಿನ್ಲೆಂಡಿನ ಮನ್ನಿಲ, ಟೊಯ್ವೊನೆನ್ ಮತ್ತು ವೆರ್ಕಾಮೊ ಇವರು 1995ರಲ್ಲಿಯೂ, ಮತ್ತೆ 1997ರಲ್ಲಿ ಹೆಚ್ಚು ವಿಸ್ತಾರವಾಗಿಯೂ, ದೂರಸಂಪರ್ಕ ಜಾಲದ ಎಚ್ಚರಿಕೆಗಳ ಕಡತಗಳಲ್ಲಿ ನಡುವೆ ಬೇರೆ ನಮೂದುಗಳು ಬಂದರೂ ಕ್ರಮ ಕೆಡದೆ ಮರಳುವ ಸರಣಿಗಳನ್ನು ಹುಡುಕುವ ವಿಧಾನವನ್ನು ತೋರಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎಸ್. ಶಾಸ್ತ್ರಿಯವರು ಶ್ರೀವತ್ಸನ್ ಲಕ್ಷ್ಮಣ್ ಮತ್ತು ಕೆ. ಪಿ. ಉನ್ನಿಕೃಷ್ಣನ್ ಅವರೊಡನೆ 2005ರಲ್ಲಿ ಪ್ರಕಟಿಸಿದ ಲೇಖನವು ಎಣಿಕೆಯ ನಿಯಮವನ್ನೇ ಶುದ್ಧಗೊಳಿಸಿತು. ಒಂದರ ಮೇಲೊಂದು ಹಾಯದ ಆವೃತ್ತಿಗಳನ್ನು ಮಾತ್ರ ಎಣಿಸಬೇಕೆಂಬುದು ಅವರ ಸೂತ್ರ. ಕ-ಕ-ಕ-ಕ ಎಂಬ ಸಾಲಿನಲ್ಲಿ ಕ-ಕ ಎಂಬ ಜೋಡಿಯನ್ನು ಕಿಂಡಿಯಿಂದ ಎಣಿಸಿದರೆ ಮೂರು, ಹಾಯದಂತೆ ಎಣಿಸಿದರೆ ಎರಡು. ಕಾರ್ಖಾನೆಯ ಯಂತ್ರಗಳ ದೋಷಗಳನ್ನು ಬರೆದಿಟ್ಟ ಕಡತಗಳಿಗೆ ಈ ವಿಧಾನವು ಅನ್ವಯವಾಯಿತು. ಪದ್ಧತಿಯು ಹುಟ್ಟಿದ್ದು ಯಂತ್ರವೇ ಬರೆದ ಕಡತಗಳಿಗಾಗಿ ಎಂಬುದನ್ನು ಇಲ್ಲಿ ನೆನಪಿಡಬೇಕು. ಯಂತ್ರಕ್ಕೆ ಬೇಸರವಿಲ್ಲ, ಮೇಲಧಿಕಾರಿಯ ಭಯವಿಲ್ಲ. ಮನುಷ್ಯನು ಬರೆದ ವಹಿಗೆ ಅದನ್ನು ತರುವಾಗ ಹೊಸ ಎಚ್ಚರ ಬೇಕು.

3

ಮೊದಲನೆಯ ಎಚ್ಚರ ಸಮಾನತೆಯನ್ನು ಕುರಿತದ್ದು. ಎರಡು ನಮೂದುಗಳು ಒಂದೇ ಎಂದು ಹೇಳುವುದು ಯಾವಾಗ? ಯಂತ್ರಕ್ಕೆ ಅಕ್ಷರ ಅಕ್ಷರವೂ ಕೂಡಿದರೆ ಒಂದೇ, ಇಲ್ಲವಾದರೆ ಬೇರೆ. ಇಂದಿನ ಬಂಗಾರಪೇಟೆಯು 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರಾಗಿದ್ದ ಎಲ್. ಬಿ. ಬೌರಿಂಗರ ಹೆಸರಿನಿಂದ ಹಳೆಯ ದಾಖಲೆಗಳಲ್ಲಿ ಬೌರಿಂಗ್‌ಪೇಟೆಯಾಗಿದೆ. ಗಣಿಯ ಕಂಪೆನಿಯ ಹೆಸರಿನಲ್ಲಿ ಊರೆಗಮ್ ಎಂದಿರುವುದು ರೈಲು ನಿಲ್ದಾಣದ ಹೆಸರಿನಲ್ಲಿ ಊರ್ಗಾಂ ಆಗುತ್ತದೆ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಕವಲು ದಾರಿಯ ದಾಖಲೆಗಳನ್ನು ಹೆಸರಿನ ಮೇಲೆ ಹುಡುಕುವವನು ಈ ಬಗೆಯ ರೂಪಗಳನ್ನು ಮೊದಲೇ ಒಂದುಗೂಡಿಸದಿದ್ದರೆ, ಒಂದೇ ಸರಣಿಯು ನಾಲ್ಕು ಚೂರಾಗಿ, ಯಾವುದೂ ಗಮನಕ್ಕೆ ಬರುವಷ್ಟು ಸಲ ಸಿಕ್ಕದೆ ಹೋಗುತ್ತದೆ.

ಹಾಗೆಂದು ಒಂದುಗೂಡಿಸುವುದೂ ನಿರಪಾಯವಲ್ಲ. ಸಂಖ್ಯೆಗಳನ್ನೆಲ್ಲ ಅಳಿಸಿಬಿಡುವುದು ಯಂತ್ರದ ಲಾಗ್‌ಗಳಲ್ಲಿ ಸಾಮಾನ್ಯ. ಗಣಿಯ ವಹಿಯಲ್ಲಿ ಅದೇ ಕೆಲಸವನ್ನು ಮಾಡಿದರೆ ತಾರೀಖಿನ ಜೊತೆಗೆ ಅಂತಸ್ತಿನ ಸಂಖ್ಯೆಯೂ ಅಳಿಸಿಹೋಗುತ್ತದೆ. ನೆಲದಿಂದ ಕೆಲವೇ ನೂರು ಅಡಿ ಕೆಳಗಿನ ಅಂತಸ್ತಿನಲ್ಲಿ ಕಲ್ಲು ಬಿದ್ದುದೂ, ಮೂರು ಕಿಲೋಮೀಟರಿನಷ್ಟು ಆಳದಲ್ಲಿ ಕಲ್ಲು ಸಿಡಿದುದೂ ಆಗ ಒಂದೇ ಸಂಕೇತವನ್ನು ಪಡೆಯುತ್ತವೆ. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕಿ ಆಳವಾಗಿದ್ದುದೇ ಅಲ್ಲಿನ ಅಪಾಯಗಳ ಒಂದು ಮುಖ್ಯ ಕಾರಣ. ಆಳವನ್ನು ಅಳಿಸಿ ಅಪಾಯದ ಪುನರಾವೃತ್ತಿಯನ್ನು ಹುಡುಕುವುದು ಬೇರನ್ನು ಕಡಿದು ಫಲವನ್ನು ಎಣಿಸಿದಂತೆ. ಆದ್ದರಿಂದ ಯಾವುದನ್ನು ಅಳಿಸಿದೆವು, ಯಾವುದನ್ನು ಉಳಿಸಿದೆವು, ಯಾವ ಎರಡು ಹೆಸರುಗಳನ್ನು ಒಂದೆಂದು ಎಣಿಸಿದೆವು ಎಂಬ ಪಟ್ಟಿಯಿಲ್ಲದ ಎಣಿಕೆಗೆ ಪ್ರಮಾಣದ ಬೆಲೆಯಿಲ್ಲವೆಂದು ನಮ್ಮ ಮತ.

4

ಎರಡನೆಯ ಎಚ್ಚರ ಆಕಸ್ಮಿಕವನ್ನು ಕುರಿತದ್ದು. ಒಂದು ವಹಿಯಲ್ಲಿ 1,000 ಪಂಕ್ತಿಗಳಿದ್ದು, ಎಲ್ಲ ನಮೂದುಗಳೂ ಹತ್ತೇ ಬಗೆಯವೆಂದು ಭಾವಿಸೋಣ. ಹತ್ತೂ ಬಗೆಗಳು ಸಮಪ್ರಮಾಣದಲ್ಲಿ, ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದೆ ಬಂದಿವೆ ಎಂದುಕೊಳ್ಳೋಣ. ಮೂರು ಪಂಕ್ತಿಗಳ ಸರಣಿಗಳು 1,000 ಬಗೆಯಾಗಿ ಇರಬಲ್ಲುವು. ಕಿಂಡಿಯು ನಿಲ್ಲುವ ಸ್ಥಾನಗಳು 998. ಅಂದರೆ ಸರಾಸರಿ ಒಂದೊಂದು ಸರಣಿಯೂ ಸುಮಾರು ಒಂದು ಸಲ ಬರಬೇಕು. ಆದರೆ ಆಕಸ್ಮಿಕವು ಸಮವಾಗಿ ಹಂಚುವುದಿಲ್ಲ. ಸಂಭಾವ್ಯತೆಯ ಗಣಿತದಂತೆ ಅವುಗಳಲ್ಲಿ ಸುಮಾರು 260 ಸರಣಿಗಳು ಎರಡು ಅಥವಾ ಹೆಚ್ಚು ಸಲ ಬರುತ್ತವೆ. ಐದು ಸಲ ಅಥವಾ ಅದಕ್ಕೂ ಹೆಚ್ಚು ಬರುವವೂ ಮೂರು ನಾಲ್ಕು ಇರುತ್ತವೆ. ಯಾವ ಅರ್ಥವೂ ಇಲ್ಲದ ವಹಿಯಲ್ಲಿಯೇ ಇಷ್ಟು ಪುನರಾವೃತ್ತಿ! ಐದು ಸಲ ಬಂದ ಸರಣಿಯೊಂದನ್ನು ಹಿಡಿದು ಕಾರ್ಯಕಾರಣ ಸಂಬಂಧವನ್ನು ಹೆಣೆಯುವವನು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಇದಕ್ಕೆ ಪರಿಹಾರವೂ ಸುಲಭವಾಗಿದೆ. ಅದೇ ಪಂಕ್ತಿಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ, ಅದೇ ಸ್ಕ್ರಿಪ್ಟಿನಿಂದ ಮತ್ತೆ ಎಣಿಸಬೇಕು. ನೂರು ಸಲ ಕಲಸಿ ನೂರು ಸಲ ಎಣಿಸುವುದು ಯಂತ್ರಕ್ಕೆ ಶ್ರಮವೇ ಅಲ್ಲ. ಕಲಸಿದ ವಹಿಯಲ್ಲಿಯೂ ಅಷ್ಟೇ ಸಲ ಬರುವ ಸರಣಿಯು ಕ್ರಮದ ವಿಷಯವಾಗಿ ನಮಗೆ ಏನನ್ನೂ ಹೇಳುವುದಿಲ್ಲ. ಕಲಸಿದಾಗ ಕಾಣೆಯಾಗುವ ಸರಣಿ ಮಾತ್ರ ವಿಚಾರಣೆಗೆ ಅರ್ಹ. ವಿಚಾರಣೆಗೆ ಅರ್ಹವೆಂದೆವು; ಸಿದ್ಧವಾಯಿತು ಎನ್ನಲಿಲ್ಲ. ಏಕೆಂದರೆ ಅಚ್ಚಾದ ಅಂಕಣಗಳ ಹೆಸರುಗಳೂ ಕಲಸಿದಾಗ ಚೆದುರಿಹೋಗುತ್ತವೆ.

5

ಹೀಗೆ ಉಳಿದುಬಂದ ಪುನರಾವೃತ್ತಿಯ ಮೂಲವೇನೆಂಬುದು ಮೂರನೆಯ ಪ್ರಶ್ನೆ. ಬರೆಯುವವನ ಕೈಯಿಂದ ಬರುವ ಪುನರಾವೃತ್ತಿ ನಮ್ಮ ಶಾಸ್ತ್ರದಲ್ಲಿ ಹಳೆಯ ಪರಿಚಯ. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯದು. ಅದರಲ್ಲಿ ಬೌರಿಂಗ್‌ಪೇಟೆ ತಾಲ್ಲೂಕಿನ ಶಾಸನಗಳು ಪ್ರತ್ಯೇಕ ಭಾಗವಾಗಿವೆ. ದಾನಶಾಸನಗಳನ್ನು ಓದಿದ ಯಾರಿಗೂ ಗೊತ್ತಿರುವಂತೆ, ಅರಸನ ಬಿರುದುಗಳ ಸಾಲು, ಅವನು ರಾಜ್ಯವಾಳುತ್ತಿದ್ದನೆಂಬ ಮಾತು, ದಾನದ ವಿವರ, ಕೊನೆಗೆ ದಾನವನ್ನು ಕೆಡಿಸಿದವನಿಗೆ ಶಾಪ ಎಂಬ ಕ್ರಮವು ಮತ್ತೆ ಮತ್ತೆ ಬರುತ್ತದೆ. ಶಾಪದ ಶ್ಲೋಕಗಳು ಹೆಚ್ಚಾಗಿ ಕಂಡುಬರುತ್ತವೆಂಬ ಕಾರಣದಿಂದ ದಾನಗಳನ್ನು ಕೆಡಿಸುವವರು ಹೆಚ್ಚಾಗಿದ್ದರೆಂದು ಯಾವ ಶಾಸನತಜ್ಞನೂ ಹೇಳುವುದಿಲ್ಲ. ಅದು ಲಿಪಿಕಾರನು ಕಲಿತ ಮಾದರಿ. ಆ ಮಾದರಿಯಿಂದ ನಮಗೆ ಲಾಭವಿಲ್ಲವೆಂದಲ್ಲ. ಒಡೆದ ಕಲ್ಲಿನ ಲುಪ್ತ ಅಕ್ಷರಗಳನ್ನು ತುಂಬುವುದು ಅದರ ಬಲದಿಂದಲೇ. ಆದರೆ ಮಾದರಿಯನ್ನು ಕಳೆದ ಮೇಲೆ ಉಳಿಯುವ ಊರಿನ ಹೆಸರು, ಕೆರೆಯ ಹೆಸರು, ಸತ್ತ ವೀರನ ಹೆಸರು, ಇವುಗಳಿಗಾಗಿ ನಾವು ಶಾಸನವನ್ನು ಓದುತ್ತೇವೆ. ಶಾಸನದಲ್ಲಿ ಇಷ್ಟು ವಿವೇಕವನ್ನು ತೋರುವ ನಾವು ಇಂಗ್ಲಿಷಿನಲ್ಲಿ ಬರೆದ ಗಣಿಯ ವಹಿಯ ಮುಂದೆ ಅದನ್ನು ಮರೆಯುವುದೇಕೆ? ಅಧಿಕಾರಿಯ ವರದಿಗೂ ತನ್ನದೇ ಆದ ಪ್ರಶಸ್ತಿಭಾಗವುಂಟು, ಶಾಪಾಶಯವುಂಟು.

ಎರಡನೆಯ ಮೂಲ ಕೆಲಸದ ಕ್ರಮ. ಗಣಿಯ ದಿನಚರಿಯು ಪಾಳಿಗಳಿಂದ ಕಟ್ಟಲ್ಪಟ್ಟುದು. ಕೂಲಿಯವರು ಇಳಿಯುವುದು, ಬಂಡೆಗೆ ರಂಧ್ರ ಕೊರೆಯುವುದು, ಜನರನ್ನು ದೂರ ಸರಿಸಿ ಸಿಡಿಮದ್ದು ಹಾರಿಸುವುದು, ಹೊಗೆ ಅಡಗಿದ ಮೇಲೆ ತಪಾಸಣೆ ಮಾಡುವುದು, ಇವು ನಿಯಮದಿಂದ ಒಂದರ ಹಿಂದೆ ಒಂದು ಬರುತ್ತವೆ. ಆಳದ ಗಣಿಗಳಲ್ಲಿ ಸಿಡಿಮದ್ದಿನ ವೇಳೆಗೂ ಕಲ್ಲಿನ ಕಂಪನಗಳಿಗೂ ಹತ್ತಿರದ ಸಂಬಂಧವಿರುವುದು ತಿಳಿದ ವಿಷಯ. ಆದರೆ ಸಿಡಿಮದ್ದಿನ ಅನಂತರದ ತಪಾಸಣೆಯಲ್ಲಿ ಮಾತ್ರ ಬರೆಯುವ ರೂಢಿಯಿದ್ದರೆ, ಬೇರೆ ವೇಳೆಯ ಕಂಪನಗಳು ವಹಿಗೆ ಬಾರದೆ ಹೋಗಿರಬಹುದು. ಆಗ ವಹಿಯ ಸರಣಿಯು ನೆಲದ ಗುಣವನ್ನಲ್ಲ, ಬರೆಯುವ ಗಳಿಗೆಯನ್ನು ತೋರಿಸುತ್ತದೆ.

6

ಮೂರನೆಯ ಮೂಲವಾದ ಘಟನೆಯ ಸ್ವಭಾವಕ್ಕೆ ಕೋಲಾರದ ಗಣಿಗಳಲ್ಲಿ ಒಂದು ಪ್ರಬಲ ನಿದರ್ಶನವಿದೆ. ಗಣಿಯವರು ರಾಕ್‌ಬರ್ಸ್ಟ್ ಎಂದು ಕರೆಯುವ ಶಿಲಾಸ್ಫೋಟವೇ ಅದು. ಆಳದಲ್ಲಿ ಮೇಲಿನ ಬಂಡೆಯ ಭಾರವೆಲ್ಲ ಸುತ್ತಲಿನ ಶಿಲೆಯ ಮೇಲೆ ನಿಂತಿರುತ್ತದೆ. ಅದಿರನ್ನು ತೆಗೆದಂತೆಲ್ಲ ಆ ಭಾರವು ಉಳಿದ ಭಾಗಗಳಿಗೆ ವರ್ಗವಾಗುತ್ತದೆ. ಗಟ್ಟಿಯಾದ ಶಿಲೆಯು ಸ್ವಲ್ಪ ಸ್ವಲ್ಪವಾಗಿ ಬಾಗದೆ, ಬಿಲ್ಲಿನಂತೆ ಒತ್ತಡವನ್ನು ಒಳಗೆ ಕೂಡಿಟ್ಟುಕೊಂಡು ಒಮ್ಮೆಗೇ ಸಿಡಿಯುತ್ತದೆ. ಒಂದೆಡೆ ಸಿಡಿದಾಗ ಭಾರವು ಪಕ್ಕಕ್ಕೆ ಸರಿದು ಅಲ್ಲಿಯೂ ಸಿಡಿತವಾಗಬಹುದು. ಹೀಗೆ ಒಂದು ದೊಡ್ಡ ಸ್ಫೋಟದ ಹಿಂದೆ ಅನೇಕ ಸ್ಫೋಟಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸಾಲುಗೊಂಡು ಬರುವುದನ್ನು ಇಲ್ಲಿನ ತಜ್ಞರು ಪ್ರದೇಶವ್ಯಾಪಿ ಶಿಲಾಸ್ಫೋಟವೆಂಬ ಪ್ರತ್ಯೇಕ ವರ್ಗವಾಗಿ ಗುರುತಿಸಿದರು. ಇದು ಕೈಯ ಸೃಷ್ಟಿಯೂ ಅಲ್ಲ, ಗಡಿಯಾರದ ಸೃಷ್ಟಿಯೂ ಅಲ್ಲ. ನೆಲವೇ ಬರೆದ ಸರಣಿ.

ಇದನ್ನು ಬೇರೆಯವುಗಳಿಂದ ಗುರುತಿಸುವುದು ಹೇಗೆ? ಎರಡು ಗುರುತುಗಳನ್ನು ಸೂಚಿಸಬಹುದು. ಒಂದು, ಸರಣಿಯ ಆಕಾರ. ಭೂಕಂಪದ ಅನಂತರದ ಕಂಪನಗಳು ಕಾಲ ಕಳೆದಂತೆ ವಿರಳವಾಗುತ್ತ ಹೋಗುವ ನಿಯಮವನ್ನು ಜಪಾನಿನ ಓಮೊರಿಯವರು 1894ರಲ್ಲಿಯೇ ಹೇಳಿದ್ದಾರೆ. ನೆಲದಿಂದ ಬಂದ ಸರಣಿಗೆ ಇಂತಹ ಇಳಿಜಾರು ಇರುವುದು ಸಂಭವ. ಗುಮಾಸ್ತನ ಪುನರಾವೃತ್ತಿಗೆ ಇಳಿಜಾರಿಲ್ಲ. ಪುಟಕ್ಕೊಂದು, ತಿಂಗಳಿಗೊಂದು ಎಂಬ ಸಮ ಅಂತರವಿರುತ್ತದೆ. ಎರಡು, ಬೇರೊಬ್ಬ ಸಾಕ್ಷಿ. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರಿನಲ್ಲಿ 1965ರಲ್ಲಿ ಭೂಕಂಪಮಾಪಕಗಳ ಸಾಲೊಂದು ಸ್ಥಾಪಿತವಾಯಿತು. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ 20 ಮಾಪಕಗಳನ್ನು ಅಲ್ಲಿ ಇರಿಸಿದರು. ಗಣಿಯ ವಹಿಯಲ್ಲಿ ಬರೆದ ದೊಡ್ಡ ಸ್ಫೋಟವು ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಆ ಮಾಪಕಗಳಲ್ಲಿಯೂ ಅದೇ ಗಳಿಗೆಯಲ್ಲಿ ಕಂಡುಬಂದರೆ, ಅದನ್ನು ಗುಮಾಸ್ತನ ರೂಢಿಯೆಂದು ತಳ್ಳಿಹಾಕುವಂತಿಲ್ಲ. ಒಂದು ಕೈಯಲ್ಲಿ ಮಾತ್ರ ಕಾಣುವ ಪುನರಾವೃತ್ತಿಯು ಕೈಯದು. ಪರಸ್ಪರ ಅರಿಯದ ಎರಡು ಕೈಗಳಲ್ಲಿ ಕಾಣುವುದು ಘಟನೆಯದು. ಚರಿತ್ರೆಯ ಸಾಕ್ಷ್ಯವಿಮರ್ಶೆಯ ಈ ಹಳೆಯ ಸೂತ್ರವು ಇಲ್ಲಿ ಹೊಸದಾಗಿ ಉಪಯೋಗಕ್ಕೆ ಬರುತ್ತದೆ.

ಸಾಕ್ಷಿಯು ಬದಲಾದಾಗ ಎಣಿಕೆಯೂ ಬದಲಾಗುತ್ತದೆಂಬುದನ್ನೂ ಮರೆಯಬಾರದು. 1978ರಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದ ಸಹಕಾರದಿಂದ ಗಣಿಪ್ರದೇಶದಲ್ಲಿಯೇ ಕಂಪನಮಾಪಕಗಳ ಜಾಲವು ಏರ್ಪಟ್ಟಿತು. 1988ರಲ್ಲಿ ಚಾಂಪಿಯನ್ ರೀಫ್ಸಿನಲ್ಲಿ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆಯು ಪ್ರಾರಂಭವಾಯಿತು. ಕಿವಿಗೆ ಕೇಳಿಸದ ಕಂಪನಗಳನ್ನೂ ಹಿಡಿಯುವ ಉಪಕರಣ ಬಂದ ಮೇಲೆ ನಮೂದುಗಳು ಸಹಜವಾಗಿಯೇ ಅಧಿಕವಾಗುತ್ತವೆ. ಹಳೆಯ ವಹಿಯನ್ನೂ ಹೊಸ ಉಪಕರಣದ ಕಡತವನ್ನೂ ಒಂದೇ ಸಾಲಾಗಿ ಜೋಡಿಸಿ ಎಣಿಸುವವನಿಗೆ ನೆಲವು ಒಮ್ಮೆಗೇ ಉಗ್ರವಾದಂತೆ ತೋರುವುದು. ಉಗ್ರವಾದುದು ನೆಲವಲ್ಲ, ಸೂಕ್ಷ್ಮವಾದುದು ಕಿವಿ.

ದಾಖಲೆಯ ಅಂತ್ಯವೂ ಘಟನೆಯ ಅಂತ್ಯವಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆ ತೆಗೆದುಕೊಂಡಂದಿನಿಂದ, 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ವಹಿಸಿಕೊಂಡು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯಾಗಿ ಮುಂದುವರಿದ ಗಣಿಯ ಕೆಲಸವು 2001ರಲ್ಲಿ ನಿಂತಿತು. ಪಾಳಿಯಿಲ್ಲ, ತಪಾಸಣೆಯಿಲ್ಲ, ಪಾಳಿಯ ವಹಿಯೂ ಇಲ್ಲ. ಆದರೆ ನೀರೆತ್ತುವುದು ನಿಂತ ಗಣಿಗಳಲ್ಲಿ ನೀರು ಏರಿದಂತೆ ನೆಲದ ಅದಿರಾಟವು ಮುಂದುವರಿಯಿತು. ಗಣಿಯ ವಹಿಯನ್ನು ಮಾತ್ರ ನಂಬಿದವನಿಗೆ 2001ರ ತರುವಾಯ ಕೋಲಾರದ ನೆಲ ಶಾಂತವಾಗಿ ಕಂಡೀತು.

7

ಇನ್ನು ಈ ವಿಷಯದಲ್ಲಿ ಮನುಷ್ಯನ ಸ್ಥಾನವೇನು ಎಂಬುದನ್ನು ನೋಡಬೇಕು. ಲಾಗ್‌ಗಳನ್ನು ಶುದ್ಧಿಮಾಡುವಾಗ ಒಂದೇ ಬಗೆಯ ಪಂಕ್ತಿಗಳು ಅನೇಕವಿದ್ದರೆ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯುವುದು ವಾಡಿಕೆ. ಗಣಿಗಳ ವರದಿಗಳಲ್ಲಿ ಸಾವುಗಳನ್ನು ಕಾರಣಗಳ ಕೆಳಗೆ ವಿಂಗಡಿಸುವ ಪದ್ಧತಿಯಿದೆ: ನೆಲದ ಕುಸಿತ, ಶಾಫ್ಟಿನ ಅಪಘಾತ, ಸಿಡಿಮದ್ದು, ಸಾಗಣೆ ಇತ್ಯಾದಿ. ಒಂದು ಸಾವನ್ನು ಯಾವ ಶೀರ್ಷಿಕೆಗೆ ಸೇರಿಸಬೇಕೆಂಬುದು ಬರೆಯುವವನ ತೀರ್ಮಾನ; ಸೇರಿಸಿದ ಮೇಲೆ ಎಲ್ಲ ಸಾವುಗಳೂ ಒಂದೇ ವಾಕ್ಯದ ಅಚ್ಚಿಗೆ ಬೀಳುತ್ತವೆ. ಹೆಸರನ್ನೂ ಸಂಖ್ಯೆಯನ್ನೂ ಅಳಿಸಿ, ಉಳಿದ ವಾಕ್ಯಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡ ಸ್ಕ್ರಿಪ್ಟಿನ ಫಲವೇನಾಗುವುದೆಂದು ಊಹಿಸಬಹುದು. ಹತ್ತು ಮನೆಗಳ ದುಃಖವು ಒಂದು ಪಂಕ್ತಿಯಾಗುತ್ತದೆ. ಲಿಪಿಕಾರನ ಪುನರಾವೃತ್ತಿಯೆಂದು ತೆಗೆದುಹಾಕಿದುದು ಇಲ್ಲಿ ನಿಜವಾಗಿಯೂ ಹತ್ತು ಸಲ ನಡೆದ ಸಂಗತಿ. ಹೀಗೆ ತಪ್ಪು ಎರಡು ದಿಕ್ಕಿನಲ್ಲಿಯೂ ಸಾಧ್ಯ: ಕೈಯ ರೂಢಿಯನ್ನು ಘಟನೆಯೆಂದು ತಿಳಿಯುವುದು ಒಂದು, ಘಟನೆಯನ್ನು ಕೈಯ ರೂಢಿಯೆಂದು ಎಸೆಯುವುದು ಇನ್ನೊಂದು. ಎರಡನೆಯದೇ ಹೆಚ್ಚು ಕ್ರೂರವಾದುದು.

ಗಣಿಯಲ್ಲಿ ದುಡಿದವರಲ್ಲಿ ಬಹುಮಂದಿ ತಮಿಳು ನುಡಿಯುವವರು. ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತ ಕುಟುಂಬಗಳು ಅವರಲ್ಲಿ ಅನೇಕ. ಮೇಲಧಿಕಾರಿಗಳ ದಾಖಲೆ ಇಂಗ್ಲಿಷಿನದು. ಒಂದೇ ಹೆಸರಿನ ಹಲವರು ಅಲ್ಲಿ ಸಹಜ. ಒಬ್ಬನದೇ ಹೆಸರು ಹಲವು ಬಗೆಯಾಗಿ ಬರೆಯಲ್ಪಡುವುದೂ ಅಷ್ಟೇ ಸಹಜ. ಮರಳಿ ಬಂದ ಹೆಸರು ಮರಳಿ ಬಂದ ಮನುಷ್ಯನೇ ಎಂಬುದನ್ನು ಕಾಗದದ ಮೇಲೆ ನಿಶ್ಚಯಿಸಲಾಗದು. ಈ ತೊಡಕು ಚರಿತ್ರಕಾರನಿಗೆ ಮೊದಲಾಗಿ ಬಂದುದಲ್ಲ, ಆಡಳಿತಕ್ಕೂ ಅದು ಇತ್ತು. ಬೆರಳಚ್ಚು ಪಡೆದು ಕಾರ್ಮಿಕರನ್ನು ನೋಂದಾಯಿಸುವ ಏರ್ಪಾಟಿನ ವಿರುದ್ಧ 1930ರಲ್ಲಿ ಗಣಿಯ ಕಾರ್ಮಿಕರು ಮುಷ್ಕರ ಹೂಡಿದುದು ಪ್ರಸಿದ್ಧವಾದ ವಿಷಯ. ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ ಮೈಸೂರು ಸಂಸ್ಥಾನದ ಕಾರ್ಮಿಕರ ಚರಿತ್ರೆಯಲ್ಲಿ ಗಣಿಯ ಈ ಸಮಾಜದ ವಿಮರ್ಶೆಯನ್ನು ಕಾಣಬಹುದು. ಬೆರಳಚ್ಚಿನ ವಹಿಯೆಂದರೆ ಮತ್ತೇನು? ಬಂದವನೇ ಮತ್ತೆ ಬಂದನೋ ಎಂಬುದನ್ನು ಹುಡುಕುವ ಸಾಧನ. ಒಬ್ಬನಿಗೆ ಕೇವಲ ಪುನರಾವೃತ್ತಿಯ ಶೋಧವಾಗಿ ಕಾಣುವುದು ಇನ್ನೊಬ್ಬನಿಗೆ ತನ್ನ ಮಾನದ ಪ್ರಶ್ನೆಯಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಇಂದು ಅದೇ ದಾಖಲೆಗಳ ಮೇಲೆ ಅದೇ ಬಗೆಯ ಶೋಧವನ್ನು ನಡೆಸುವ ನಾವು, ಯಾರ ಪರವಾಗಿ, ಏನನ್ನು ತಿಳಿಯಲೆಂದು ಹುಡುಕುತ್ತಿದ್ದೇವೆಂಬುದನ್ನು ನಮ್ಮ ಪ್ರಬಂಧದ ಮೊದಲ ಪುಟದಲ್ಲಿಯೇ ಬರೆಯಬೇಕು.

8

ಹಾಗಾದರೆ ಪುನರಾವೃತ್ತಿಯ ಶೋಧದಿಂದ ನಿಜವಾದ ಪ್ರಯೋಜನವೇನು? ಇದೇ ಚಾಂಪಿಯನ್ ರೀಫ್ ಗಣಿಯ ಇನ್ನೊಂದು ಕಥೆಯಿಂದ ಉತ್ತರ ದೊರೆಯುತ್ತದೆ. ಆಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಆನ್ ಎಂಬ ಕಣಗಳು ಭೂಮಿಯ ಮೇಲೆ ಎಡೆಬಿಡದೆ ಸುರಿಯುತ್ತಿರುತ್ತವೆ. ಅವುಗಳ ದಟ್ಟಣೆಯಲ್ಲಿ ನ್ಯೂಟ್ರಿನೊ ಎಂಬ ಅತಿ ವಿರಳವಾದ ಗುರುತನ್ನು ಹಿಡಿಯುವುದು ಅಸಾಧ್ಯ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿದ್ವಾಂಸರೊಡಗೂಡಿ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಉಪಕರಣಗಳನ್ನಿಟ್ಟರು. ಮೇಲಿನ ಬಂಡೆಯು ಸಾಮಾನ್ಯ ಕಣಗಳನ್ನು ತಡೆಯಿತು. ಅಲ್ಲಿಗೂ ಇಳಿದುಬಂದ ಕೆಲವು ಕಣಗಳು ಮೇಲಿನಿಂದ ಬರುವಂತಹವು. ಅಡ್ಡಲಾಗಿ ಸಾಗಿದ ಗೆರೆಯೇ ಬೇರೆಯದರ ಗುರುತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಅವರು ಪ್ರಕಟಿಸಿದರು. ಸಾಮಾನ್ಯವಾಗಿ ಮತ್ತೆ ಮತ್ತೆ ಬರುವುದು ಯಾವುದು, ಯಾವ ದಿಕ್ಕಿನಿಂದ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಕಟ್ಟುನಿಟ್ಟಾಗಿ ತಿಳಿದಿದ್ದರಿಂದಲೇ ಹಾಗೆ ಬಾರದ ಒಂದನ್ನು ಅವರು ಗುರುತಿಸಬಲ್ಲವರಾದರು.

ಚರಿತ್ರಕಾರನಿಗೂ ಇದೇ ಮಾರ್ಗವೆಂದು ನಾವು ಭಾವಿಸುತ್ತೇವೆ. ಸ್ಕ್ರಿಪ್ಟಿನಿಂದ ಪುನರಾವೃತ್ತಿಗಳನ್ನು ಹುಡುಕಲಿ. ಆದರೆ ಅವುಗಳ ಪಟ್ಟಿಯಲ್ಲಿ ನಿಲ್ಲದೆ, ಆ ಪಟ್ಟಿಯ ಬೆಳಕಿನಲ್ಲಿ ಮುರಿದ ಸರಣಿಗಳನ್ನು ಓದಲಿ. ಎಲ್ಲ ದಿನವೂ ಇದ್ದ ನಮೂದು ಒಂದು ದಿನ ಏಕಿಲ್ಲ? ಎಲ್ಲ ಸಾವುಗಳಿಗೂ ಒಂದೇ ಮಾತಿದ್ದಲ್ಲಿ ಒಂದು ಸಾವಿಗೆ ಮಾತ್ರ ಎರಡು ಪಂಕ್ತಿ ಏಕೆ? ಇಂತಹ ಪ್ರಶ್ನೆಗಳನ್ನು ಎತ್ತಿಕೊಡುವುದರಲ್ಲಿ ಯಂತ್ರಕ್ಕೆ ಸಮಾನವಾದ ಸಹಾಯಕನಿಲ್ಲ.

ಅಭ್ಯಾಸಿಗಳ ಉಪಯೋಗಕ್ಕಾಗಿ ಮೇಲಿನ ವಿಚಾರಗಳನ್ನು ಸಂಗ್ರಹಿಸುವುದಾದರೆ: ಮೂಲದ ನಕಲನ್ನು ತಿದ್ದದೆ ಪ್ರತ್ಯೇಕವಾಗಿ ಇಡಬೇಕು. ಅಳಿಸಿದ, ಒಂದುಗೂಡಿಸಿದ ಅಂಶಗಳ ಪಟ್ಟಿಯನ್ನು ಕೊಡಬೇಕು. ದಿನ, ಪುಟ, ಪಾಳಿಗಳ ಗಡಿಯನ್ನು ಸರಣಿಯು ದಾಟದಂತೆ ನೋಡಿಕೊಳ್ಳಬೇಕು. ಹಾಯದ ಆವೃತ್ತಿಗಳನ್ನು ಮಾತ್ರ ಎಣಿಸಬೇಕು. ಕಲಸಿದ ವಹಿಯ ಎಣಿಕೆಯನ್ನು ಪಕ್ಕದಲ್ಲಿ ತೋರಿಸಬೇಕು. ಬೇರೊಂದು ಕೈಯ ಸಾಕ್ಷ್ಯದೊಡನೆ ಹೋಲಿಸಬೇಕು. ಕೊನೆಯದಾಗಿ, ಪ್ರತಿಯೊಂದು ಸರಣಿಯ ಪ್ರತಿಯೊಂದು ಆವೃತ್ತಿಯನ್ನೂ ಮೂಲದ ಪುಟದಲ್ಲಿ ಕಣ್ಣಾರೆ ಓದಬೇಕು. ಈ ಕೊನೆಯ ನಿಯಮವು ಶ್ರಮದಾಯಕ. ಆದರೆ ಯಂತ್ರವು ನಮಗೆ ಉಳಿಸಿಕೊಟ್ಟ ಕಾಲವನ್ನು ಓದುವುದಕ್ಕಲ್ಲದೆ ಮತ್ತಾವುದಕ್ಕೆ ವಿನಿಯೋಗಿಸಬೇಕು?

ಮೊದಲಿಗೆ ಹೇಳಿದ ವಿದ್ಯಾರ್ಥಿಯು ಈಗ ಅಂಕಣಗಳ ಹೆಸರುಗಳನ್ನು ಬಿಟ್ಟು, ಪುಟದ ಗಡಿಗಳನ್ನು ಗುರುತಿಸಿ, ಮತ್ತೆ ಮೊದಲಿನಿಂದ ಎಣಿಕೆಗೆ ತೊಡಗಿದ್ದಾನೆ. ಈ ಸಲ ಅವನ ಪಕ್ಕದಲ್ಲಿ ಮೂಲದ ವಹಿಯೂ ತೆರೆದಿದೆ. ಅವನ ಶ್ರಮದ ಫಲವನ್ನು ಮುಂದಿನ ಸಂಚಿಕೆಯಲ್ಲಿ ಓದುಗರ ಮುಂದಿಡುವ ಆಶೆ ನಮಗಿದೆ.